ಕೇಸು ಬಿದ್ದವನ ಕೈಯಲ್ಲಿ ಏನಿದೆ?

‘ಸಾಹೇಬ್ರು ಕರೀತಿದಾರೆ, ಸ್ವಲ್ಪ ಸ್ಟೇಷನ್ ಕಡೆ ಬಂದುಹೋಗಿ.’ ನಮ್ಮಲ್ಲಿ ಎಷ್ಟೋ ಕ್ರಿಮಿನಲ್ ಪ್ರಕರಣಗಳು ಆರೋಪಿಯ ಪಾಲಿಗೆ ಶುರುವಾಗುವುದು ಹೀಗೊಂದು ಫೋನಿನಿಂದ. ಯಾವ ಕೇಸು, ಯಾರ ದೂರು, ಕರೆಯುತ್ತಿರುವುದು ಸಾಕ್ಷಿಯಾಗಿಯೋ ಆರೋಪಿಯಾಗಿಯೋ, ಯಾವುದನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಹೋದವನು ಬೆಂಚಿನ ಮೇಲೆ ಕೂರುತ್ತಾನೆ. ಪಿಎಸ್‌ಐ ಬಂದೋಬಸ್ತಿಗೆ ಹೋಗಿದ್ದಾರೆ, ರೈಟರ್ ಊಟಕ್ಕೆ ಎದ್ದಿದ್ದಾರೆ. ಸಂಜೆಯಾಗುತ್ತದೆ, ರಾತ್ರಿಯಾಗುತ್ತದೆ. ಕಾಗದದ ಪ್ರಕಾರ ಅವನನ್ನು ಯಾರೂ ಬಂಧಿಸಿಲ್ಲ. ಆದರೆ ಎದ್ದು ಮನೆಗೆ ಹೊರಟರೆ ಬಿಡುವವರೂ ಇಲ್ಲ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ, ಸರಿ. ಆದರೆ ಬಂಧನದ ಹೊತ್ತನ್ನು ಠಾಣೆಯ ಪೆನ್ನು ಬರೆಯುವ ತನಕ ಆ 24 ಗಂಟೆಯ ಲೆಕ್ಕ ಶುರುವಾಗುವುದೇ ಇಲ್ಲ.

ಆರೋಪಿಗೆ ಹಕ್ಕು ಕೊಡುವುದರಲ್ಲಿ ಭಾರತದ ಕಾನೂನು ಜಿಪುಣತನ ತೋರಿಲ್ಲ. ಕಳೆದ ಐವತ್ತು ವರ್ಷಗಳಲ್ಲಿ ಸುಪ್ರೀಂ ಕೋರ್ಟ್ ಅವನಿಗಾಗಿ ಬರೆದಷ್ಟು ತೀರ್ಪುಗಳನ್ನು ಬೇರೆ ವಿಷಯಗಳಲ್ಲಿ ಬರೆದದ್ದು ಕಡಿಮೆಯೇ ಎನ್ನಬಹುದು. ಹಾಗಿದ್ದೂ ಆ ಹಕ್ಕುಗಳು ಎರಡು ಮೇಜುಗಳ ಮುಂದೆ ಸೋರಿಹೋಗುತ್ತವೆ. ಒಂದು, ಠಾಣೆಯಲ್ಲಿ ಬಂಧನದ ಕಾಗದ ತಯಾರಾಗುವ ಮೇಜು. ಇನ್ನೊಂದು, ನ್ಯಾಯಾಲಯದಲ್ಲಿ ಜಾಮೀನುದಾರನ ಪಹಣಿ ನೋಡುವ ಮೇಜು. ಈ ಎರಡು ಕಡೆ ಏನಾಗುತ್ತದೆ ಎನ್ನುವುದನ್ನು ಬಿಟ್ಟು ಉಳಿದದ್ದನ್ನೆಲ್ಲ ಚರ್ಚಿಸುವುದು ನಮ್ಮ ಕಾನೂನು ಬರಹಗಳ ಹಳೆಯ ರೂಢಿ.

ಮೊದಲು ಹೊಸ ಚೌಕಟ್ಟು. 2024ರ ಜುಲೈ 1ರಿಂದ ಐಪಿಸಿ, ಸಿಆರ್‌ಪಿಸಿ ಮತ್ತು ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಸೆಕ್ಷನ್ ನಂಬರುಗಳು ಅದಲುಬದಲಾಗಿ ಹಳೆಯ ವಕೀಲರೂ ಪುಟ ತಿರುವುವಂತಾಗಿದೆ. ಆರೋಪಿಯ ಹಕ್ಕುಗಳ ಬುಡ ಮಾತ್ರ ಅಲುಗಿಲ್ಲ, ಏಕೆಂದರೆ ಅದು ಇರುವುದು ಸಂವಿಧಾನದಲ್ಲಿ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ ಎನ್ನುವ 20(3)ನೇ ವಿಧಿ, ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿ, ಬಂಧನದ ಕಾರಣ ತಿಳಿಯುವ ಮತ್ತು ವಕೀಲರನ್ನು ಕಾಣುವ 22ನೇ ವಿಧಿ ಈ ಮೂರೇ ಅದರ ಕಂಬಗಳು.

ಈಗ ಆ ಫೋನಿಗೆ ಬರೋಣ. ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಪೊಲೀಸರು ಕೈಗೆ ಸಿಕ್ಕವರನ್ನೆಲ್ಲ ಹಿಡಿದು ಹಾಕುವ ಹಾಗಿಲ್ಲ. ಬಂಧನ ಏಕೆ ಬೇಕು ಎನ್ನುವುದಕ್ಕೆ ಕಾರಣ ಬರೆಯಬೇಕು. ಬೇಡವೆಂದಾದರೆ ಇಂಥ ದಿನ ಇಂಥ ಕಡೆ ಹಾಜರಾಗಿ ಎಂದು ಲಿಖಿತ ನೋಟಿಸು ಕೊಡಬೇಕು. ಹಿಂದೆ ಇದು 41ಎ ನೋಟಿಸು ಎನಿಸಿಕೊಂಡಿತ್ತು, ಈಗ ಸುರಕ್ಷಾ ಸಂಹಿತೆಯ 35(3). ಬಿಹಾರದ ವರದಕ್ಷಿಣೆ ಕಿರುಕುಳದ ಒಂದು ಪ್ರಕರಣದಿಂದ ಹೊರಟ 2014ರ ಅರ್ನೇಶ್ ಕುಮಾರ್ ತೀರ್ಪು ಇದಕ್ಕೆ ಹಲ್ಲು ಕೊಟ್ಟಿತು. ಸುಮ್ಮನೆ ಬಂಧಿಸಿದ ಪೊಲೀಸರ ಮೇಲೂ, ಯೋಚಿಸದೆ ಕಸ್ಟಡಿಗೆ ಕೊಟ್ಟ ಮ್ಯಾಜಿಸ್ಟ್ರೇಟರ ಮೇಲೂ ಕ್ರಮ ಜರುಗಿಸಬಹುದೆಂದು ಅದು ಹೇಳಿತು. ನೋಟಿಸಿನಂತೆ ತಪ್ಪದೆ ಹಾಜರಾಗುತ್ತಿರುವವನನ್ನು ಬಂಧಿಸಬೇಕಾದರೆ ಅದಕ್ಕೂ ಕಾರಣ ಬರೆದಿಡಬೇಕು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು: ಈ ನೋಟಿಸನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಸಾಲದು, ಕಾನೂನು ಹೇಳಿದ ರೀತಿಯಲ್ಲೇ ತಲುಪಿಸಬೇಕು.

ಹಾಗಾದರೆ ಫೋನ್ ಬಂದಾಗ ಮಾಡಬೇಕಾದ್ದೇನು? ಹೋಗದೆ ತಪ್ಪಿಸಿಕೊಳ್ಳುವುದು ದಡ್ಡತನ. ತಲೆಮರೆಸಿಕೊಂಡ ಎಂಬ ಒಂದು ಸಾಲು ಮುಂದೆ ಜಾಮೀನಿಗೆ ಮುಳುವಾಗುತ್ತದೆ. ‘ಬರ್ತೀನಿ ಸಾರ್, ನೋಟಿಸ್ ಕೊಡಿ’ ಎಂದು ಮರ್ಯಾದೆಯಿಂದಲೇ ಕೇಳಬಹುದು. ಕ್ರೈಂ ನಂಬರ್ ಕೇಳಿ ಬರೆದುಕೊಳ್ಳಬೇಕು. ಒಬ್ಬರೇ ಹೋಗಬಾರದು, ಯಾವ ಠಾಣೆಗೆ, ಎಷ್ಟು ಹೊತ್ತಿಗೆ ಹೋದೆವೆಂದು ಮನೆಯವರಿಗೋ ವಕೀಲರಿಗೋ ಒಂದು ಮೆಸೇಜು ಹಾಕಿ ಹೋಗಬೇಕು. ಮುಂದೆ ಬಂಧನದ ಹೊತ್ತಿನ ಬಗ್ಗೆ ತಕರಾರು ಎದ್ದರೆ ಆ ಮೆಸೇಜೇ ಸಾಕ್ಷಿ. ಇನ್ನು ಸಾಕ್ಷಿಯಾಗಿ ಕರೆಯುವುದಾದರೆ, ಹೆಂಗಸರನ್ನು, 15 ವರ್ಷದೊಳಗಿನ ಮಕ್ಕಳನ್ನು, 60 ದಾಟಿದವರನ್ನು, ಕಾಯಿಲೆಯವರನ್ನು ಠಾಣೆಗೆ ಬರಹೇಳುವಂತೆಯೇ ಇಲ್ಲ. ಅವರಿರುವ ಮನೆಗೇ ಹೋಗಿ ಕೇಳಬೇಕು.

ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ಅದನ್ನು ಪೊಲೀಸ್ ವೆಬ್‌ಸೈಟಿಗೆ ಹಾಕಬೇಕೆಂದು 2016ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ಮಾತ್ರ ವಿನಾಯಿತಿ. ‘ನಿಮ್ಮ ಮೇಲೆ ಕಂಪ್ಲೇಂಟ್ ಬಂದಿದೆ’ ಎನ್ನುವುದಕ್ಕೂ ‘ಎಫ್‌ಐಆರ್ ಆಗಿದೆ’ ಎನ್ನುವುದಕ್ಕೂ ಇರುವ ಅಂತರದಲ್ಲಿ ಎಷ್ಟೋ ರಾಜಿ ಪಂಚಾಯ್ತಿಗಳು ನಡೆಯುತ್ತವೆ. ಆ ಹೊತ್ತಿನಲ್ಲಿ ಖಾಲಿ ಹಾಳೆಗೆ, ಓದಲು ಕೊಡದ ಮುಚ್ಚಳಿಕೆಗೆ ಸಹಿ ಹಾಕುವವರು ಮುಂದೆ ಪಡುವ ಪಾಡು ವಕೀಲರಿಗೆ ಗೊತ್ತು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಒಂದು ಮಾತು. ಈ ಹಕ್ಕುಗಳು ಗೊತ್ತಿಲ್ಲದ್ದರಿಂದ ನಷ್ಟಪಡುತ್ತಿರುವವರು ಆರೋಪಿಗಳಷ್ಟೇ ಅಲ್ಲ. ‘ಡಿಜಿಟಲ್ ಅರೆಸ್ಟ್’ ಎಂದು ವಿಡಿಯೊ ಕರೆಯಲ್ಲಿ ಹೆದರಿಸಿ, ನಿವೃತ್ತ ಅಧಿಕಾರಿಗಳಿಂದ ಹಿಡಿದು ಐಟಿ ಉದ್ಯೋಗಿಗಳವರೆಗೆ ಜೀವಮಾನದ ಉಳಿತಾಯ ದೋಚಿದ ಸುದ್ದಿ ಬೆಂಗಳೂರಿನಿಂದ ಮತ್ತೆ ಮತ್ತೆ ಬರುತ್ತಿದೆ. ಸಮವಸ್ತ್ರ ಹಾಕಿದವನು ಮೊಬೈಲ್ ಪರದೆಯಲ್ಲಿ ಕೂತು ಯಾರನ್ನೂ ಬಂಧಿಸಲಾರ. ನಮ್ಮ ಯಾವ ಕಾನೂನಿನಲ್ಲೂ ಅಂಥ ಬಂಧನವಿಲ್ಲ. ನೋಟಿಸು ಕೈಗೆ ಬರಬೇಕು, ಬಂಧಿಸುವ ಅಧಿಕಾರಿ ಎದುರು ನಿಲ್ಲಬೇಕು, ಎದೆಯ ಮೇಲೆ ಹೆಸರಿನ ಪಟ್ಟಿ ಕಾಣಬೇಕು. ಇಷ್ಟು ತಿಳಿದಿದ್ದರೆ ಆ ಕರೆಯನ್ನು ಅಲ್ಲೇ ಕಡಿದು ಕಾಫಿ ಕುಡಿಯಬಹುದು.

ಹೆಸರಿನ ಪಟ್ಟಿ ಎಂಬ ಆ ಸಣ್ಣ ನಿಯಮದ ಹಿಂದೆ ಒಂದು ಪತ್ರವಿದೆ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಕಾರ್ಯಾಧ್ಯಕ್ಷರಾಗಿದ್ದ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಪತ್ರಿಕಾ ವರದಿಗಳನ್ನು ಲಗತ್ತಿಸಿ 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದದ್ದು ಅದು. ಕೋರ್ಟು ಅದನ್ನೇ ರಿಟ್ ಅರ್ಜಿಯಾಗಿ ತೆಗೆದುಕೊಂಡಿತು. ಹತ್ತು ವರ್ಷದ ಮೇಲೆ, 1996ರ ಡಿಸೆಂಬರಿನಲ್ಲಿ, ಹನ್ನೊಂದು ಸೂಚನೆಗಳು ಹೊರಬಿದ್ದವು. ಬಂಧನದ ಮೆಮೊ ಸ್ಥಳದಲ್ಲೇ ತಯಾರಾಗಬೇಕು. ಅದರಲ್ಲಿ ದಿನಾಂಕ, ಹೊತ್ತು ಇರಬೇಕು. ಮನೆಯವರೊಬ್ಬರು ಅಥವಾ ಊರಿನ ಗಣ್ಯರೊಬ್ಬರು ಸಾಕ್ಷಿ ಹಾಕಬೇಕು. ಆರೋಪಿ ತಾನೂ ಸಹಿ ಮಾಡಬೇಕು. ಬಂಧನದ ಸುದ್ದಿ ಬಂಧುವಿಗೋ ಸ್ನೇಹಿತನಿಗೋ ತಲುಪಬೇಕು. ಮೈಮೇಲಿನ ಗಾಯಗಳನ್ನು ಬರೆದಿಡಬೇಕು. ಕಸ್ಟಡಿಯಲ್ಲಿರುವಾಗ ವೈದ್ಯಕೀಯ ತಪಾಸಣೆ ಆಗುತ್ತಿರಬೇಕು. ವಿಚಾರಣೆಯ ನಡುವೆ ವಕೀಲರನ್ನು ಕಾಣಲು ಬಿಡಬೇಕು. ಇವುಗಳಲ್ಲಿ ಬಹುಪಾಲು ಈಗ ಸಂಹಿತೆಯ ಒಳಗೇ ಇವೆ. ವಕೀಲರು ವಿಚಾರಣೆಯುದ್ದಕ್ಕೂ ಪಕ್ಕದಲ್ಲಿ ಕೂರುವಂತಿಲ್ಲ ಎನ್ನುವುದೂ ಅದರಲ್ಲೇ ಇದೆ. ಅದು ದೊಡ್ಡ ಕೊರತೆಯೆಂದು ನನಗನ್ನಿಸುತ್ತದೆ.

ಆ ಮೆಮೊದಲ್ಲಿ ನೋಡಬೇಕಾದ ಮೊದಲ ಕಾಲಂ ಹೊತ್ತಿನದು. ಬೆಳಿಗ್ಗೆ ಕರೆದೊಯ್ದು ಮರುದಿನದ ಹೊತ್ತು ಬರೆದಿದ್ದರೆ, ಸಹಿಯ ಪಕ್ಕದಲ್ಲೇ ತಾನು ಠಾಣೆಗೆ ಬಂದ ನಿಜವಾದ ಹೊತ್ತನ್ನು ಬರೆಯಬೇಕು. ಬರೆಯಲು ಬಿಡದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಬಾಯಿಬಿಟ್ಟು ಹೇಳಬೇಕು. ‘ಪೊಲೀಸರಿಂದ ಏನಾದರೂ ತೊಂದರೆ ಆಯಿತೇ?’ ಎಂದು ಅವರು ಕೇಳುವುದು ಬರೀ ಶಾಸ್ತ್ರಕ್ಕಲ್ಲ. ಪಕ್ಕದಲ್ಲೇ ನಿಂತ ಪೇದೆಯ ಮುಖ ನೋಡಿ ‘ಇಲ್ಲ ಸ್ವಾಮಿ’ ಎಂದುಬಿಟ್ಟರೆ, ಬೆನ್ನ ಮೇಲಿನ ಬಾಸುಂಡೆಗೆ ಆಮೇಲೆ ಕಾಗದದಲ್ಲಿ ಜಾಗ ಸಿಗುವುದಿಲ್ಲ.

ಬೇಡಿಯ ಕಥೆ ಕರ್ನಾಟಕದ್ದೇ ಒಂದಿದೆ. ಬೆಳಗಾವಿ ಜಿಲ್ಲೆಯ ಒಬ್ಬ ಕಾನೂನು ವಿದ್ಯಾರ್ಥಿಗೆ ಚೆಕ್ ಬೌನ್ಸ್ ಪ್ರಕರಣದ ವಾರಂಟಿನ ಮೇಲೆ ಬೇಡಿ ತೊಡಿಸಿ ಕರೆದೊಯ್ದಿದ್ದಕ್ಕೆ, 2022ರಲ್ಲಿ ಹೈಕೋರ್ಟಿನ ಧಾರವಾಡ ಪೀಠ ಎರಡು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಬಂಧಿಸುವ ಪೊಲೀಸರು ಮೈಗೆ ಕ್ಯಾಮೆರಾ ಕಟ್ಟಿಕೊಳ್ಳಬೇಕೆಂದೂ ಹೇಳಿತು. ಬೇಡಿ ಹಾಕುವುದು ಅಪವಾದವಾಗಬೇಕು ಎನ್ನುವುದು 1980ರಿಂದ ಸುಪ್ರೀಂ ಕೋರ್ಟಿನ ನಿಲುವು. ಹೊಸ ಸಂಹಿತೆ ಕೊಲೆ, ಅತ್ಯಾಚಾರ, ಸಂಘಟಿತ ಅಪರಾಧ ಮುಂತಾದವುಗಳಿಗೆ ಬೇಡಿಯ ಅವಕಾಶವನ್ನು ಬರೆದೇ ಕೊಟ್ಟಿದೆ. ಚೆಕ್ ಬೌನ್ಸ್ ಅದರಲ್ಲಿಲ್ಲ.

ಇತ್ತೀಚಿನ ವರ್ಷಗಳ ದೊಡ್ಡ ಬದಲಾವಣೆ ಬಂಧನದ ಕಾರಣವನ್ನು ಬರೆದು ಕೊಡುವ ವಿಷಯದಲ್ಲಿ ಆಗಿದೆ. 2023ರ ಅಕ್ಟೋಬರಿನಲ್ಲಿ ಪಂಕಜ್ ಬನ್ಸಲ್ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯಕ್ಕೆ, 2024ರ ಮೇನಲ್ಲಿ ಪ್ರಬೀರ್ ಪುರಕಾಯಸ್ಥ ಪ್ರಕರಣದಲ್ಲಿ ಯುಎಪಿಎ (ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ) ಬಂಧನಗಳಿಗೆ ಈ ನಿಯಮ ಬಂತು. 2025ರ ನವೆಂಬರಿನಲ್ಲಿ ಮಿಹಿರ್ ರಾಜೇಶ್ ಶಾ ಪ್ರಕರಣದಲ್ಲಿ ಎಲ್ಲ ಅಪರಾಧಗಳಿಗೂ ವಿಸ್ತರಿಸಿತು: ಕಾರಣಗಳನ್ನು ಬರೆದೇ ಕೊಡಬೇಕು, ಅದೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ. ಸ್ಥಳದಲ್ಲೇ ಕೊಡಲಾಗದ ಸಂದರ್ಭದಲ್ಲಿ ಬಾಯಲ್ಲಿ ಹೇಳಿ, ರಿಮಾಂಡಿಗೆ ಹಾಜರುಪಡಿಸುವ ಎರಡು ಗಂಟೆ ಮೊದಲಾದರೂ ಕಾಗದ ಕೈಗೆ ಸೇರಬೇಕು. ಇಲ್ಲದಿದ್ದರೆ ಬಂಧನವೇ ಕಾನೂನುಬಾಹಿರ.

‘ಅರ್ಥವಾಗುವ ಭಾಷೆ’ ಎನ್ನುವ ಮಾತು ನಮ್ಮಲ್ಲಿ ಎರಡೂ ಕಡೆ ಕೊಯ್ಯುತ್ತದೆ. ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದ ಒಡಿಶಾದ ಹುಡುಗನಿಗೆ ಕನ್ನಡದ ಮಹಜರು ಓದಲು ಬಾರದು. ಅದಕ್ಕೆ ಅವನು ಹಾಕುವ ಸಹಿ ಹೆಬ್ಬೆಟ್ಟಿಗಿಂತ ಹೆಚ್ಚಿನದಲ್ಲ. ಗಡಿಯಾಚೆ ಸೊಲ್ಲಾಪುರದಲ್ಲಿ ಮರಾಠಿ ಪಂಚನಾಮೆಯ ಮುಂದೆ, ಕಾಸರಗೋಡಿನಲ್ಲಿ ಮಲಯಾಳಂ ಕಾಗದದ ಮುಂದೆ ಕೂತ ಕನ್ನಡಿಗನ ಸ್ಥಿತಿಯೂ ಅದೇ. ಠಾಣೆಯಲ್ಲಿ ಕನ್ನಡವೇ ನಡೆಯಬೇಕೆಂದು ಬಯಸುವ ನಾವು, ಆ ಹುಡುಗನಿಗೆ ಒಡಿಯಾದಲ್ಲಿ ಒಂದು ಪುಟ ಬರೆದುಕೊಡುವುದನ್ನು ಕನ್ನಡದ ಸೋಲೆಂದು ಎಣಿಸಬೇಕಿಲ್ಲ.

ಇನ್ನು ಬಾಯಿಯ ವಿಷಯ. ‘ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ’ ಎಂಬ ಸಾಲಿಲ್ಲದ ಕ್ರೈಂ ಸುದ್ದಿಯೇ ನಮ್ಮ ಪತ್ರಿಕೆಗಳಲ್ಲಿ ಅಪರೂಪ. ಕಾನೂನಿನ ಕಣ್ಣಿಗೆ ಆ ಸಾಲಿಗೆ ಬೆಲೆಯಿಲ್ಲ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎನ್ನುವ ನಿಯಮ ಬ್ರಿಟಿಷರ ಕಾಲದ್ದು. ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಅದನ್ನೇ ಮುಂದುವರಿಸಿದೆ. ಹಾಗಿದ್ದೂ ಪ್ರತಿ ಆರೋಪಪಟ್ಟಿಯಲ್ಲಿ ‘ಸ್ವಇಚ್ಛಾ ಹೇಳಿಕೆ’ ಎಂಬ ಹಾಳೆಗಳು ಏಕಿರುತ್ತವೆ? ಅವುಗಳೊಳಗೆ ಒಂದು ಸಾಲು ಜೀವಂತ. ‘ನನ್ನನ್ನು ಕರೆದುಕೊಂಡು ಹೋದರೆ ಚಾಕು ಬಿಸಾಡಿದ ಜಾಗ ತೋರಿಸಿಕೊಡುತ್ತೇನೆ’ ಎಂದು ಬರೆದಿದ್ದು, ಅಲ್ಲಿ ನಿಜಕ್ಕೂ ಚಾಕು ಸಿಕ್ಕಿ ಪಂಚರ ಮುಂದೆ ಜಪ್ತಿ ಆದರೆ, ಆ ಪತ್ತೆಗೆ ಸಂಬಂಧಪಟ್ಟಷ್ಟು ಭಾಗ ಸಾಕ್ಷ್ಯವಾಗುತ್ತದೆ. ಎಷ್ಟೋ ಕೊಲೆ ಕೇಸುಗಳು ಈ ಒಂದು ಸಾಲಿನ ಮೇಲೆ ನಿಲ್ಲುತ್ತವೆ, ಮಹಜರಿಗೆ ಸಹಿ ಹಾಕಿದ ಪಂಚರು ಪ್ರತಿಕೂಲವಾದಾಗ ಬೀಳುತ್ತವೆ. ಜಪ್ತಿಯನ್ನೆಲ್ಲ ವಿಡಿಯೊ ಮಾಡಬೇಕೆಂದು ಹೊಸ ಸಂಹಿತೆಯ 105ನೇ ಸೆಕ್ಷನ್ ಹೇಳುತ್ತದೆ. ಪ್ರಾಮಾಣಿಕವಾಗಿ ನಡೆದರೆ ಇದು ಪೊಲೀಸರಿಗೂ ಆರೋಪಿಗೂ ಒಳ್ಳೆಯದೇ.

ಸುಮ್ಮನಿರುವ ಹಕ್ಕು ಕೋರ್ಟಿನಲ್ಲಷ್ಟೇ ಅಲ್ಲ, ಠಾಣೆಯಲ್ಲೂ ಇದೆ ಎಂದು 1978ರಲ್ಲಿ ನಂದಿನಿ ಸತ್ಪತಿ ಪ್ರಕರಣ ಸ್ಪಷ್ಟಪಡಿಸಿತು. ಮಂಪರು ಪರೀಕ್ಷೆಯ ಕಾಲದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ದೇಶಕ್ಕೆಲ್ಲ ಹೆಸರಾಗಿತ್ತು. ಚುಚ್ಚುಮದ್ದಿನ ಅಮಲಿನಲ್ಲಿ ಆಡಿದ ಮಾತುಗಳು ಟಿವಿಯಲ್ಲೂ ಬಂದವು. ಅದಕ್ಕೆ ತಡೆ ಬಿದ್ದದ್ದು ಕರ್ನಾಟಕ ಸರ್ಕಾರವೇ ಎದುರುಪಕ್ಷವಾಗಿದ್ದ ಸೆಲ್ವಿ ಪ್ರಕರಣದಲ್ಲಿ. ಒಪ್ಪಿಗೆಯಿಲ್ಲದೆ ಮಂಪರು, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಯಾವುದೂ ಕೂಡದೆಂದು 2010ರ ಮೇ 5ರಂದು ತೀರ್ಪಾಯಿತು. ಬೆರಳಚ್ಚು, ಕೈಬರಹದ ಮಾದರಿಗಳದ್ದು ಬೇರೆ ಮಾತು. 1961ರಿಂದಲೂ ಅವನ್ನು ಸ್ವಸಾಕ್ಷ್ಯವೆಂದು ಎಣಿಸಿಲ್ಲ. ಫೋನಿನ ಪಾಸ್‌ವರ್ಡ್ ಯಾವ ಗುಂಪಿಗೆ ಸೇರುತ್ತದೆ? ಅದನ್ನು ಕೊಡುವುದು ತನ್ನ ವಿರುದ್ಧ ಸಾಕ್ಷಿ ಹೇಳಿದಂತಾಗದು ಎಂದು 2021ರಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಮರುವರ್ಷ ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ತಲೆಯೊಳಗಿರುವುದನ್ನು ಹೊರಗೆ ಹಾಕಿಸುವುದೂ ಹೆಬ್ಬೆಟ್ಟು ಒತ್ತಿಸುವುದೂ ಒಂದೇ ಎನ್ನಲು ನನಗೂ ಮನಸ್ಸು ಬಾರದು.

ಎರಡನೆಯ ಮೇಜಿಗೆ ಬರೋಣ. ಜಾಮೀನೇ ನಿಯಮ, ಜೈಲು ಅಪವಾದ ಎಂಬ ಮಾತಿಗೆ 1977ರಿಂದ ಆಯುಸ್ಸಿದೆ. ಆದರೆ 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಮಂದಿ ವಿಚಾರಣಾಧೀನ ಕೈದಿಗಳೆಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಲೆಕ್ಕ ಹೇಳುತ್ತದೆ. ಇವರಲ್ಲಿ ಜಾಮೀನು ನಿರಾಕರಿಸಲ್ಪಟ್ಟವರಿದ್ದಾರೆ. ಜಾಮೀನು ಸಿಕ್ಕೂ ಹೊರಬರಲಾರದವರೂ ಇದ್ದಾರೆ. ಆದೇಶ ಕೈಗೆ ಬಂದ ಮೇಲೆ ಶ್ಯೂರಿಟಿ ಬೇಕು. ಶ್ಯೂರಿಟಿ ಎಂದರೆ ತಾಲ್ಲೂಕು ಕೋರ್ಟಿನ ಜಗಲಿಯಲ್ಲಿ ಪಹಣಿ, ಆಧಾರ್ ಪ್ರತಿ, ಫೋಟೊ ಹಿಡಿದು ನಿಂತ ಒಬ್ಬ ಮಾವ ಅಥವಾ ಅಣ್ಣ. ಪಹಣಿ ಅವನ ಅಪ್ಪನ ಹೆಸರಿನಲ್ಲೇ ಇದೆ, ಪೌತಿ ಖಾತೆ ಆಗಿಲ್ಲ. ಇನ್ನೊಬ್ಬನ ಜಮೀನಿನ ಮೇಲೆ ಸೊಸೈಟಿ ಸಾಲದ ನಮೂದಿದೆ. ಮತ್ತೊಬ್ಬ ಈಗಾಗಲೇ ಬೇರೆ ಕೇಸಿಗೆ ಜಾಮೀನು ನಿಂತಿದ್ದಾನೆ. ಅಷ್ಟರಲ್ಲಿ ಶನಿವಾರ, ಭಾನುವಾರ. ಜಮೀನಿಲ್ಲದವನಿಗೆ ಉಳಿಯುವುದು ಬಾಡಿಗೆ ಶ್ಯೂರಿಟಿಯ ದಂಧೆ. ನಕಲಿ ದಾಖಲೆಯವರು ಸಿಕ್ಕಿಬಿದ್ದರೆ ಹಳೆಯ ಕೇಸಿನ ಮೇಲೆ ಹೊಸದೊಂದು ಕೇಸು.

ಇದು ಇಂದಿನ ಕಷ್ಟವೂ ಅಲ್ಲ. 1978ರಲ್ಲಿ ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸದವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದರು. ಸಹೋದರನ ಶ್ಯೂರಿಟಿಯನ್ನು ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ತಳ್ಳಿದರು. ಮತ್ತೆ ಸುಪ್ರೀಂ ಕೋರ್ಟಿಗೇ ಬರಬೇಕಾಯಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸಾವಿರ ರೂಪಾಯಿಯ ಸ್ವಂತ ಬಾಂಡಿನ ಮೇಲೆ ಬಿಡಲು ಹೇಳಿ, ಬೇರೆ ಜಿಲ್ಲೆಯವನೆಂದು ಜಾಮೀನುದಾರನನ್ನು ದೂಡುವ ಪದ್ಧತಿಯನ್ನು ಖಾರವಾಗಿ ಖಂಡಿಸಿದರು. ‘ಲೋಕಲ್ ಶ್ಯೂರಿಟಿ’ ಎಂಬ ಷರತ್ತು ಇವತ್ತಿಗೂ ಜಾಮೀನು ಆದೇಶಗಳಲ್ಲಿ ಕಾಣಸಿಗುತ್ತದೆ.

ಬಳಸಿಕೊಳ್ಳಬಹುದಾದ ದಾರಿಗಳು ಇಲ್ಲದಿಲ್ಲ. ಜಾಮೀನೀಯ ಅಪರಾಧದಲ್ಲಿ ಒಂದು ವಾರದಲ್ಲಿ ಶ್ಯೂರಿಟಿ ಒದಗಿಸಲಾಗದವನನ್ನು ಬಡವನೆಂದೇ ಭಾವಿಸಿ ಸ್ವಂತ ಬಾಂಡಿನ ಮೇಲೆ ಬಿಡಬೇಕೆಂದು ಕಾನೂನೇ ಹೇಳುತ್ತದೆ. ಬೇರೆ ಪ್ರಕರಣಗಳಲ್ಲಿ ಶ್ಯೂರಿಟಿಯ ಬದಲು ನಗದು ಠೇವಣಿಗೆ ಅವಕಾಶ ಕೇಳಬಹುದು. ಜಾಮೀನಾಗಿ ಏಳು ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಒಂದು ತಿಂಗಳು ದಾಟಿದರೆ ನ್ಯಾಯಾಲಯ ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು ಎಂದು 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಸೂಚಿಸಿದೆ. ಇವನ್ನು ಬಾಯಿಬಿಟ್ಟು ಕೇಳಬೇಕು. ಕೇಳದವನಿಗೆ ತಾನಾಗಿ ದಕ್ಕುವುದು ಕಡಿಮೆ.

ದಿನ ಎಣಿಸಿ ಪಡೆಯುವ ಜಾಮೀನು ಇನ್ನೊಂದು. 60 ದಿನದಲ್ಲಿ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಲ್ಲಿ 90 ದಿನದಲ್ಲಿ ಆರೋಪಪಟ್ಟಿ ಬಾರದಿದ್ದರೆ ಆರೋಪಿಗೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ. ಆದರೆ ಅರ್ಜಿ ಹಾಕಬೇಕು, ಆರೋಪಪಟ್ಟಿ ಬರುವ ಮೊದಲೇ ಹಾಕಬೇಕು. ಬೆಳಿಗ್ಗೆ ವಕೀಲರು ತಡಮಾಡಿ, ಮಧ್ಯಾಹ್ನ ಪೊಲೀಸರು ಆರೋಪಪಟ್ಟಿ ತಂದಿಟ್ಟರೆ ಹಕ್ಕು ಕೈತಪ್ಪಿತು. ಹಾಗೆಯೇ ಸಂಹಿತೆಯ 479ನೇ ಸೆಕ್ಷನ್: ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಜೈಲಿನಲ್ಲಿ ಕಳೆದವನನ್ನು, ಮೊದಲ ಸಲದ ಆರೋಪಿಯಾದರೆ ಮೂರನೇ ಒಂದರಷ್ಟು ಕಳೆದಾಗಲೇ, ಬಿಡುಗಡೆ ಮಾಡಬೇಕು. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದ್ದು. ಹಳೆಯ ಕೇಸುಗಳಿಗೂ ಇದು ಅನ್ವಯವೆಂದು 2024ರ ಆಗಸ್ಟಿನಲ್ಲಿ ಸ್ಪಷ್ಟವಾಗಿದೆ. ಆದರೆ ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದಿಲ್ಲ; ಒಂದಕ್ಕಿಂತ ಹೆಚ್ಚು ಕೇಸು ಬಾಕಿಯಿದ್ದರೂ ಇಲ್ಲ. ಮೂರು ಸರಗಳ್ಳತನದ ಕೇಸು ಒಟ್ಟಿಗೆ ಹೊತ್ತ ಬಡ ಹುಡುಗ ಈ ಅವಕಾಶದಿಂದ ಹೊರಗುಳಿಯುವುದು ಇಲ್ಲೇ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಸೆಕ್ಷನ್ ಇದು.

ವಿಶೇಷ ಕಾಯ್ದೆಗಳ ಲೋಕವೇ ಬೇರೆ. ಅಕ್ರಮ ಹಣ ವರ್ಗಾವಣೆ ಕಾಯ್ದೆಯಲ್ಲಿ ಆರೋಪಿ ತಪ್ಪಿತಸ್ಥನಲ್ಲವೆಂದು ಜಾಮೀನಿನ ಹಂತದಲ್ಲೇ ನ್ಯಾಯಾಧೀಶರಿಗೆ ಅನ್ನಿಸಬೇಕು. ಅಧಿಕಾರಿಯ ಮುಂದಿನ ಹೇಳಿಕೆ ಸಾಕ್ಷ್ಯವಾಗಬಲ್ಲದು. ಯುಎಪಿಎಯಲ್ಲಿ ಮೇಲ್ನೋಟಕ್ಕೆ ಆರೋಪ ನಿಜವೆನಿಸಿದರೆ ಜಾಮೀನಿಲ್ಲ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದ ಸ್ಟ್ಯಾನ್ ಸ್ವಾಮಿ, ಈ ಕಾಯ್ದೆಯಡಿ ಜೈಲಿನಲ್ಲಿದ್ದಾಗ, ಪಾರ್ಕಿನ್ಸನ್ ಕಾಯಿಲೆಯಿಂದ ಲೋಟ ಹಿಡಿಯಲಾಗದೆ ಸ್ಟ್ರಾ ಮತ್ತು ಸಿಪ್ಪರ್‌ಗಾಗಿ ಕೋರ್ಟಿಗೆ ಹೋಗಬೇಕಾಯಿತು. 84ನೇ ವಯಸ್ಸಿನಲ್ಲಿ, 2021ರ ಜುಲೈ 5ರಂದು, ಜಾಮೀನು ಅರ್ಜಿ ಇತ್ಯರ್ಥವಾಗುವ ಮೊದಲೇ ತೀರಿಕೊಂಡರು. ಅದೇ ವರ್ಷ ನಜೀಬ್ ಪ್ರಕರಣದಲ್ಲಿ, ವಿಚಾರಣೆ ಮುಗಿಯುವ ಲಕ್ಷಣವಿಲ್ಲದೆ ವರ್ಷಗಟ್ಟಲೆ ಜೈಲಿನಲ್ಲಿಟ್ಟರೆ ಇಂಥ ಕಾಯ್ದೆಯೂ ಸಂವಿಧಾನಕ್ಕೆ ತಲೆಬಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಯಾವ ಪೀಠ ಅದನ್ನು ಎಷ್ಟು ನೆನಪಿಡುತ್ತದೆ ಎನ್ನುವುದು ಅದೃಷ್ಟದ ಮಾತಾಗಿದೆ. ಇನ್ನು ನಮ್ಮ ರಾಜ್ಯದ 1985ರ ಗೂಂಡಾ ಕಾಯ್ದೆಯಂಥ ಮುಂಜಾಗ್ರತಾ ಬಂಧನಗಳಿಗೆ 24 ಗಂಟೆಯ ನಿಯಮವನ್ನೂ ವಕೀಲರ ಹಕ್ಕನ್ನೂ ಸಂವಿಧಾನವೇ ಅನ್ವಯಿಸಿಲ್ಲ.

ವಕೀಲರಿಗೆ ದುಡ್ಡಿಲ್ಲದವರ ಗತಿ? ಕೆ.ಎಫ್. ರುಸ್ತುಂಜಿ ಎಂಬ ಹಿರಿಯ ಪೊಲೀಸ್ ಅಧಿಕಾರಿ ಪತ್ರಿಕೆಗೆ ಬರೆದ ಬರಹದಿಂದ ಬಿಹಾರದ ಜೈಲುಗಳ ಕಥೆ ಹೊರಬಂತು. ಗರಿಷ್ಠ ಶಿಕ್ಷೆಗಿಂತ ಹೆಚ್ಚು ಕಾಲ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರು ಅಲ್ಲಿದ್ದರು. ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 1979ರ ಹುಸೇನಾರಾ ಖಾತೂನ್ ಪ್ರಕರಣದಿಂದ ಉಚಿತ ಕಾನೂನು ನೆರವು ಮೂಲಭೂತ ಹಕ್ಕಿನ ಭಾಗವಾಯಿತು. ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವಾಗಲೇ ಅದು ಸಿಗಬೇಕೆಂದು 1981ರಲ್ಲಿ, ಭಾಗಲ್ಪುರದಲ್ಲಿ ಕೈದಿಗಳನ್ನು ಕುರುಡಾಗಿಸಿದ ಪ್ರಕರಣದಲ್ಲಿ ತೀರ್ಮಾನವಾಯಿತು. ಇಂದು ಕಸ್ಟಡಿಯಲ್ಲಿರುವವರು, ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರ ನೆರವಿಗೆ ಅರ್ಹರು. 15100ಕ್ಕೆ ಕರೆ ಮಾಡಬಹುದು. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲೂ ಪ್ರಾಧಿಕಾರದ ಕಚೇರಿಯಿದೆ. ‘ಪುಕ್ಕಟೆ ವಕೀಲ, ಪುಕ್ಕಟೆ ಕೆಲಸ’ ಎಂಬ ತಾತ್ಸಾರ ಜನರಲ್ಲಿದೆ, ಕೆಲವೊಮ್ಮೆ ಅದಕ್ಕೆ ಕಾರಣವೂ ಇದೆ. ಆದರೆ 2022ರಿಂದ ಜಿಲ್ಲೆಗಳಲ್ಲಿ ಪೂರ್ಣಾವಧಿಗೆ ನೇಮಕವಾಗಿ ಆರೋಪಿಗಳ ಪರವಷ್ಟೇ ವಾದಿಸುವ ಕಾನೂನು ನೆರವು ರಕ್ಷಣಾ ವಕೀಲರು ಬಂದಿದ್ದಾರೆ. ಫೀಸು ಬಾರದ ಕಕ್ಷಿದಾರನ ವಾಯಿದೆಗೆ ಜೂನಿಯರನ್ನು ಅಟ್ಟುವ ಖಾಸಗಿ ವಕೀಲರಿಗಿಂತ ಇವರು ಎಷ್ಟೋ ವಾಸಿ.

ವಿಚಾರಣೆಯ ಕಾಲದ ಸಲಹೆಗಳು ಸಪ್ಪೆ, ಆದರೆ ಬೆಲೆಬಾಳುವಂಥವು. ಆರೋಪಪಟ್ಟಿಯ ಪ್ರತಿ ಉಚಿತವಾಗಿ ಸಿಗಬೇಕು. ಅದನ್ನು ಮನೆಯಲ್ಲೊಂದು ಕಡೆ ಇಟ್ಟುಕೊಳ್ಳಬೇಕು. ದೂರುದಾರರಿಗೆ ಫೋನ್ ಮಾಡಿ ಬೈಯುವುದು, ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿ ಕೇಸಿನ ಬಗ್ಗೆ ವೀರಾವೇಶ ತೋರುವುದು ಜಾಮೀನು ರದ್ದತಿಗೆ ನೇರ ದಾರಿ. ವಾಯಿದೆ ತಪ್ಪಿದರೆ ವಾರಂಟು, ಆಮೇಲೆ ಘೋಷಿತ ಅಪರಾಧಿಯ ಪಟ್ಟ. ಹೊಸ ಸಂಹಿತೆಯಲ್ಲಿ ಅಂಥವನ ಗೈರುಹಾಜರಿಯಲ್ಲೇ ವಿಚಾರಣೆ ನಡೆಸಿ ತೀರ್ಪು ಕೊಡಬಹುದು.

‘ದಂಡ ಕಟ್ಟಿ ಮುಗಿಸಿಬಿಡಿ’ ಎಂಬ ಸಲಹೆಗೆ ತಲೆದೂಗುವ ಮೊದಲು ಯೋಚಿಸಬೇಕು. ತಪ್ಪೊಪ್ಪಿಗೆ ಶಿಕ್ಷೆಯೇ; ಐದುನೂರು ರೂಪಾಯಿ ದಂಡವಾದರೂ ಸರ್ಕಾರಿ ಕೆಲಸದ ಪೊಲೀಸ್ ವೆರಿಫಿಕೇಷನ್ನಿನಲ್ಲಿ ಎದ್ದು ಬರಬಹುದು. ಕೆಲಸದ ಅರ್ಜಿಯಲ್ಲಿ ಕೇಸಿನ ವಿಷಯ ಕೇಳಿದ್ದರೆ ಮುಚ್ಚಿಡಬಾರದು. ಕ್ಷುಲ್ಲಕ ಪ್ರಕರಣವನ್ನು ಮಾಲೀಕರು ಕ್ಷಮಿಸಬಹುದು, ಮುಚ್ಚಿಟ್ಟದ್ದೇ ಕೆಲಸಕ್ಕೆ ಕುತ್ತಾಗಬಹುದು ಎನ್ನುವುದು 2016ರ ಅವತಾರ್ ಸಿಂಗ್ ತೀರ್ಪಿನ ಸಾರ. ಕೇಸು ಬಾಕಿಯಿದ್ದರೂ ನ್ಯಾಯಾಲಯದ ಅನುಮತಿ ತಂದರೆ ಪಾಸ್‌ಪೋರ್ಟ್ ಸಿಗುತ್ತದೆ. ಊರಲ್ಲಿ ಅಣ್ಣತಮ್ಮಂದಿರ ಜಗಳದ ಕೇಸಿರುವ, ಕೊಲ್ಲಿಗೆ ಹೋಗಬೇಕಾದ ಕರಾವಳಿಯ ಹುಡುಗರಿಗೆ ಇದು ಗೊತ್ತಿದ್ದರೆ ಏಜೆಂಟನ ಕೈಗೆ ದುಡ್ಡು ಹೋಗದು. ಹೊರದೇಶದಲ್ಲೇ ಬಂಧನವಾದರೆ ಭಾರತೀಯ ದೂತಾವಾಸಕ್ಕೆ ತಿಳಿಸಿ ಎಂದು ಕೇಳುವ ಹಕ್ಕನ್ನು 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಕೊಟ್ಟಿದೆ.

ಕೊನೆಗೆ ಖುಲಾಸೆಯಾಯಿತು ಎನ್ನೋಣ. ತೀರ್ಪಿನ ದೃಢೀಕೃತ ಪ್ರತಿಗಳನ್ನು ಆಗಲೇ ತೆಗೆದಿಟ್ಟುಕೊಳ್ಳಬೇಕು; ಠಾಣೆಯ ಕಂಪ್ಯೂಟರಿನಲ್ಲಿ ಕೇಸು ಬಾಕಿಯೆಂದೇ ವರ್ಷಗಟ್ಟಲೆ ಉಳಿಯುವುದುಂಟು. ಕಳೆದುಹೋದ ಕೆಲಸ, ಮಾರಿದ ಎಮ್ಮೆ, ಮುರಿದ ಮದುವೆಗೆ ಪರಿಹಾರ ಕೇಳಲು ಹೋದರೆ ಕಾನೂನಿನ ಕಪಾಟು ಬರಿದಾಗಿದೆ. ತಪ್ಪಾಗಿ ಕೇಸು ಹಾಕಿಸಿಕೊಂಡವರಿಗೆ ಸರ್ಕಾರವೇ ಪರಿಹಾರ ಕೊಡುವ ಶಾಸನಬದ್ಧ ವ್ಯವಸ್ಥೆ ಬೇಕೆಂದು ಕಾನೂನು ಆಯೋಗ ತನ್ನ 277ನೇ ವರದಿಯಲ್ಲಿ 2018ರಲ್ಲೇ ಶಿಫಾರಸು ಮಾಡಿತ್ತು. 2023ರಲ್ಲಿ ಇಡೀ ಸಂಹಿತೆಯನ್ನು ಹೊಸದಾಗಿ ಬರೆದಾಗ ಅದಕ್ಕೆ ಜಾಗ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಕಾಯ್ದೆಯಿಂದ ಹಾಗೇ ಎತ್ತಿಟ್ಟ 399ನೇ ಸೆಕ್ಷನ್. ಸಾಕಷ್ಟು ಕಾರಣವಿಲ್ಲದೆ ಒಬ್ಬನನ್ನು ಪೊಲೀಸರಿಂದ ಬಂಧನ ಮಾಡಿಸಿದ್ದು ಕಂಡುಬಂದರೆ, ಕಳೆದ ಹೊತ್ತಿಗೂ ಆದ ಖರ್ಚಿಗೂ ಸೇರಿಸಿ ಮ್ಯಾಜಿಸ್ಟ್ರೇಟರು ಕೊಡಿಸಬಹುದಾದ ಪರಿಹಾರದ ಮಿತಿ ಒಂದು ಸಾವಿರ ರೂಪಾಯಿ. ಅದನ್ನೂ ಕೊಡಬೇಕಾದ್ದು ಸರ್ಕಾರವಲ್ಲ, ಬಂಧನ ಮಾಡಿಸಿದವನು.